ಅಧಿಕ ಶಕ್ತಿಯ ಕಾರ್ ಎಂಜಿನ್: ಹಣ ಖರ್ಚಾಗುವುದು ಎಲ್ಲಿ, ಏಕೆ?

ಕಾರ್ಖಾನೆಯಲ್ಲಿ ತಯಾರಾದ ಎಂಜಿನ್ನನ್ನು ಪೂರ್ತಿ ಬಿಚ್ಚಿ, ಅದರ ಒಂದೊಂದು ಭಾಗವನ್ನೂ ಅಳೆದು, ಬೇಕಾದಲ್ಲಿ ಬದಲಿಸಿ, ಮೊದಲಿಗಿಂತ ಹೆಚ್ಚು ಶಕ್ತಿ ಕೊಡುವಂತೆ ಮರುಜೋಡಿಸುವುದು ಅಮೆರಿಕದಲ್ಲಿ ಮುಕ್ಕಾಲು ಶತಮಾನಕ್ಕೂ ಮೀರಿದ ಇತಿಹಾಸವಿರುವ ಕಸುಬಾಗಿದೆ. ಕಾರ್ ಪಂದ್ಯಗಳಲ್ಲಿ ಆಸಕ್ತಿಯಿರುವ ಭಾರತದ ಯುವಕರಲ್ಲಿಯೂ ಈ ಬಗ್ಗೆ ಕುತೂಹಲ ಹೆಚ್ಚುತ್ತಿದೆ. ಆದರೆ ಇಂತಹ ಎಂಜಿನ್ ಕಟ್ಟಿಸಲು ಎಷ್ಟು ಹಣ ಬೇಕು ಎಂಬ ಪ್ರಶ್ನೆಗೆ ದೊರೆಯುವ ಉತ್ತರಗಳು ಕೆಲವು ಸಾವಿರ ಡಾಲರ್‌ಗಳಿಂದ ಲಕ್ಷ ಡಾಲರ್‌ವರೆಗೂ ಹರಡಿಕೊಂಡಿವೆ. ಈ ಅಂತರಕ್ಕೆ ವ್ಯಾಪಾರಿಗಳ ಲಾಭಕೋರತನವೊಂದೇ ಕಾರಣವಲ್ಲ. ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗಬೇಕು, ಆ ವೇಗದಲ್ಲಿ ಎಷ್ಟು ಕಾಲ ಬದುಕಬೇಕು ಎಂಬ ಎರಡು ಸಂಗತಿಗಳೇ ಬೆಲೆಯ ಬಹುಪಾಲನ್ನು ನಿರ್ಧರಿಸುತ್ತವೆ. ಈ ಎರಡನ್ನು ಮೊದಲೇ ಗೊತ್ತುಮಾಡಿಕೊಳ್ಳದೆ ಬಿಡಿಭಾಗಗಳ ಖರೀದಿಗೆ ಹೊರಟವರು ಅರ್ಧದಾರಿಯಲ್ಲಿ ಕೈ ಖಾಲಿ ಮಾಡಿಕೊಳ್ಳುವುದು ಅಥವಾ ಹೊಸ ಎಂಜಿನ್ನನ್ನು ಮೊದಲ ದಿನಗಳಲ್ಲೇ ಕಳೆದುಕೊಳ್ಳುವುದು ಅಪರೂಪವಲ್ಲ.

ಹಿನ್ನೆಲೆ

ಅಮೆರಿಕದ ಕ್ಯಾಲಿಫೋರ್ನಿಯಾದ ಒಣಗಿದ ಸರೋವರಗಳ ಸಮತಟ್ಟು ನೆಲದಲ್ಲಿ ಹಳೆಯ ಕಾರುಗಳನ್ನು ಓಡಿಸಿ ವೇಗ ಪರೀಕ್ಷಿಸುವ ಹವ್ಯಾಸ ಎರಡನೆಯ ಮಹಾಯುದ್ಧಕ್ಕೂ ಮೊದಲೇ ಬೆಳೆದಿತ್ತು. ಇಂತಹ ಓಟಗಳನ್ನು ನಡೆಸುವ ದಕ್ಷಿಣ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ 1937ರಲ್ಲಿ ಸ್ಥಾಪನೆಯಾಯಿತು. 1948ರಲ್ಲಿ 'ಹಾಟ್ ರಾಡ್' ಪತ್ರಿಕೆ ಆರಂಭವಾಯಿತು. ನೇರ ರಸ್ತೆಯ ಡ್ರ್ಯಾಗ್ ಪಂದ್ಯಗಳಿಗೆ ನಿಯಮ ರೂಪಿಸಿದ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ 1951ರಲ್ಲಿ ಅಸ್ತಿತ್ವಕ್ಕೆ ಬಂದಿತು.

ಈ ಹವ್ಯಾಸವನ್ನು ಸಾಮಾನ್ಯರ ಕೈಗೆ ಎಟುಕುವಂತೆ ಮಾಡಿದ್ದು 1955ರಲ್ಲಿ ಷೆವ್ರೊಲೆ ಕಂಪನಿ ಹೊರತಂದ ಎಂಟು ಸಿಲಿಂಡರ್‌ಗಳ 'ಸ್ಮಾಲ್ ಬ್ಲಾಕ್' ಎಂಜಿನ್. ಕಂಪನಿಯ ಅಂದಿನ ಮುಖ್ಯ ಎಂಜಿನಿಯರ್ ಎಡ್ ಕೋಲ್ ಅವರ ನೇತೃತ್ವದಲ್ಲಿ ರೂಪುಗೊಂಡ ಇದರ ಮೊದಲ ಆವೃತ್ತಿಯ ಗಾತ್ರ 265 ಘನ ಇಂಚು, ಎಂದರೆ ಸುಮಾರು 4.3 ಲೀಟರ್. 1957ರಲ್ಲಿ ಇದೇ ಎಂಜಿನ್ 283 ಘನ ಇಂಚಿಗೆ ಬೆಳೆದು, ಇಂಧನ ಇಂಜೆಕ್ಷನ್ ಅಳವಡಿಸಿದ ಆವೃತ್ತಿಯಲ್ಲಿ 283 ಅಶ್ವಶಕ್ತಿ ನೀಡುವುದೆಂದು ಕಂಪನಿ ಪ್ರಕಟಿಸಿತು. 1967ರಲ್ಲಿ ಕಮಾರೊ ಕಾರಿನೊಂದಿಗೆ ಬಂದ 350 ಘನ ಇಂಚಿನ ಆವೃತ್ತಿ ಮುಂದಿನ ದಶಕಗಳಲ್ಲಿ ಕಾರು, ಪಿಕಪ್ ಟ್ರಕ್ಕು, ದೋಣಿಗಳಲ್ಲೆಲ್ಲ ಬಳಕೆಯಾಯಿತು. ಮುಂದಿನ ತಲೆಮಾರಿನ ವಿನ್ಯಾಸಗಳೂ ಸೇರಿ ಹತ್ತು ಕೋಟಿಯನೆಯ ಸ್ಮಾಲ್ ಬ್ಲಾಕ್ 2011ರ ನವೆಂಬರ್‌ನಲ್ಲಿ ತಯಾರಾಯಿತು.

ವೆಚ್ಚದ ಲೆಕ್ಕದಲ್ಲಿ ಈ ಸಂಖ್ಯೆಗೆ ಬಹಳ ಮಹತ್ವವಿದೆ. ಒಂದೇ ಅಳತೆಯ ಎಂಜಿನ್ ಕೋಟಿಗಟ್ಟಲೆ ಇರುವಾಗ ಅದಕ್ಕೆ ಪಿಸ್ಟನ್, ಕ್ರ್ಯಾಂಕ್‌ಶಾಫ್ಟ್, ಸಿಲಿಂಡರ್ ಹೆಡ್ ತಯಾರಿಸುವ ಕಂಪನಿಗಳು ಹತ್ತಾರು ಹುಟ್ಟಿಕೊಳ್ಳುತ್ತವೆ. ಪೈಪೋಟಿಯಿಂದ ಬೆಲೆ ಇಳಿಯುತ್ತದೆ. ಕಡಿಮೆ ಸಂಖ್ಯೆಯಲ್ಲಿ ತಯಾರಾದ ಎಂಜಿನ್ನಿಗೆ ಅದೇ ಭಾಗವನ್ನು ಹೇಳಿ ಮಾಡಿಸಬೇಕಾಗುತ್ತದೆ. ಆದುದರಿಂದ ಸ್ಮಾಲ್ ಬ್ಲಾಕ್‌ನ ಖರ್ಚನ್ನು ಈ ಕಸುಬಿನ ಕೆಳಗಿನ ಮಟ್ಟವೆಂದು ಪರಿಗಣಿಸಬಹುದು. ಬೇರೆ ಯಾವುದೇ ಎಂಜಿನ್ನಿನಲ್ಲಿ ಅಷ್ಟೇ ಶಕ್ತಿ ಪಡೆಯಲು ಸಾಮಾನ್ಯವಾಗಿ ಇದಕ್ಕಿಂತ ಹೆಚ್ಚೇ ವೆಚ್ಚವಾಗುತ್ತದೆ.

ಶಕ್ತಿ ಬರುವುದು ಹೇಗೆ?

ಎಂಜಿನ್ನಿನ ಅಶ್ವಶಕ್ತಿ ಎಂಬುದು ಎರಡು ಸಂಖ್ಯೆಗಳ ಗುಣಲಬ್ಧ. ಮೊದಲನೆಯದು ತಿರುಚುವ ಬಲ, ಎಂದರೆ ಟಾರ್ಕ್. ಎರಡನೆಯದು ನಿಮಿಷಕ್ಕೆ ತಿರುಗುವ ಸುತ್ತುಗಳ ಸಂಖ್ಯೆ. ಅಮೆರಿಕದ ಅಳತೆಯಲ್ಲಿ ಪೌಂಡ್-ಅಡಿಯ ಟಾರ್ಕನ್ನು ಸುತ್ತುಗಳಿಂದ ಗುಣಿಸಿ 5,252ರಿಂದ ಭಾಗಿಸಿದರೆ ಅಶ್ವಶಕ್ತಿ ದೊರೆಯುತ್ತದೆ. 400 ಪೌಂಡ್-ಅಡಿ ಟಾರ್ಕ್ ಇರುವ ಎಂಜಿನ್ 5,252 ಸುತ್ತಿನಲ್ಲಿ 400 ಅಶ್ವಶಕ್ತಿ ನೀಡುತ್ತದೆ. ಅದೇ ಟಾರ್ಕನ್ನು 6,500 ಸುತ್ತಿನವರೆಗೂ ಉಳಿಸಿಕೊಳ್ಳಲು ಸಾಧ್ಯವಾದರೆ ಶಕ್ತಿ 495ಕ್ಕೆ ಏರುತ್ತದೆ.

ಹೀಗಾಗಿ ಶಕ್ತಿ ಹೆಚ್ಚಿಸಲು ಮೂರು ಮಾರ್ಗಗಳಿವೆ. ಎಂಜಿನ್ನಿನ ಗಾತ್ರ ಹಿಗ್ಗಿಸುವುದು ಒಂದು. ಅದೇ ಗಾತ್ರದ ಎಂಜಿನ್ನನ್ನು ಹೆಚ್ಚು ವೇಗವಾಗಿ ತಿರುಗಿಸುವುದು ಎರಡು. ಟರ್ಬೊ ಅಥವಾ ಸೂಪರ್‌ಚಾರ್ಜರ್ ಮೂಲಕ ಗಾಳಿಯನ್ನು ಒತ್ತಿ ತುಂಬುವುದು ಮೂರು. ಇವುಗಳಲ್ಲಿ ಗಾತ್ರ ಹಿಗ್ಗಿಸುವುದೇ ಅಗ್ಗದ ಮಾರ್ಗ. ವೇಗ ಹೆಚ್ಚಿಸುವುದು ದುಬಾರಿ ಮಾರ್ಗ. ಗಾಳಿ ಒತ್ತುವ ಮಾರ್ಗದಲ್ಲಿ ಶಕ್ತಿ ಬಹುಬೇಗ ದೊರೆತರೂ ಖರ್ಚು ಇಂಧನ ವ್ಯವಸ್ಥೆ, ತಂಪು ವ್ಯವಸ್ಥೆ ಮತ್ತು ಗಟ್ಟಿ ಪಿಸ್ಟನ್‌ಗಳ ಕಡೆಗೆ ಹೊರಳುತ್ತದೆ.

ವೇಗವೇಕೆ ದುಬಾರಿ?

350 ಘನ ಇಂಚಿನ ಷೆವ್ರೊಲೆ ಎಂಜಿನ್ನಿನಲ್ಲಿ ಸಿಲಿಂಡರ್‌ನ ವ್ಯಾಸ 4 ಇಂಚು, ಪಿಸ್ಟನ್ ಚಲಿಸುವ ದೂರ, ಎಂದರೆ ಸ್ಟ್ರೋಕ್ 3.48 ಇಂಚು. ನಿಮಿಷಕ್ಕೆ 6,000 ಸುತ್ತಿನಲ್ಲಿ ಪ್ರತಿಯೊಂದು ಪಿಸ್ಟನ್ನೂ ಸೆಕೆಂಡಿಗೆ 100 ಸಲ ಮೇಲೇರಿ ಕೆಳಗಿಳಿಯುತ್ತದೆ. ಅದರ ಸರಾಸರಿ ವೇಗ ಸೆಕೆಂಡಿಗೆ ಸುಮಾರು 17.7 ಮೀಟರ್. ಆದರೆ ಭಾಗಗಳನ್ನು ಮುರಿಯುವುದು ಸರಾಸರಿ ವೇಗವಲ್ಲ, ಮೇಲ್ತುದಿಯಲ್ಲಿ ಪಿಸ್ಟನ್ ನಿಂತು ಹಿಂತಿರುಗುವ ಕ್ಷಣದ ಎಳೆತ. ಕಾರ್ಖಾನೆಯ 5.7 ಇಂಚಿನ ಕನೆಕ್ಟಿಂಗ್ ರಾಡ್‌ಗೆ ಲೆಕ್ಕ ಹಾಕಿದರೆ ಆ ಕ್ಷಣದ ವೇಗೋತ್ಕರ್ಷ ಭೂಮಿಯ ಗುರುತ್ವದ ಸುಮಾರು 2,300 ಪಟ್ಟು. ಒಂದು ಕಿಲೋ ತೂಕದ ವಸ್ತು ಆ ಗಳಿಗೆಯಲ್ಲಿ 2,300 ಕಿಲೋದಷ್ಟು ಭಾರವಾಗಿ ರಾಡನ್ನೂ ಅದರ ಎರಡು ಬೋಲ್ಟುಗಳನ್ನೂ ಜಗ್ಗುತ್ತದೆ ಎಂದರ್ಥ.

ಈ ಎಳೆತ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 6,000ದಿಂದ 7,500 ಸುತ್ತಿಗೆ ಹೋದಾಗ ವೇಗ ಹೆಚ್ಚುವುದು ಕೇವಲ ಶೇ 25. ಎಳೆತ ಹೆಚ್ಚುವುದು ಶೇ 56. ಎರಡು ಸಾವಿರದ ಮುನ್ನೂರು ಪಟ್ಟು ಇದ್ದುದು ಮೂರು ಸಾವಿರದ ಆರುನೂರು ಪಟ್ಟಾಗುತ್ತದೆ. ಆಗ ಎರಕದ ಕ್ರ್ಯಾಂಕ್‌ಶಾಫ್ಟ್ ಸಾಲದೆ ಬಡಿದು ರೂಪಿಸಿದ ಫೋರ್ಜ್ಡ್ ಉಕ್ಕಿನದು ಬೇಕಾಗುತ್ತದೆ. ಎರಕದ ಪಿಸ್ಟನ್ನಿನ ಬದಲು ಫೋರ್ಜ್ಡ್ ಪಿಸ್ಟನ್, ಸಾಧಾರಣ ಬೋಲ್ಟುಗಳ ಬದಲು ವಿಶೇಷ ಮಿಶ್ರಲೋಹದ ಬೋಲ್ಟುಗಳು ಬೇಕಾಗುತ್ತವೆ. ವಾಲ್ವುಗಳು ಕ್ಯಾಮ್‌ಶಾಫ್ಟಿನ ಹಿಡಿತ ತಪ್ಪಿ ತೇಲದಂತೆ ಗಡುಸಾದ ಸ್ಪ್ರಿಂಗುಗಳು ಬೇಕಾಗುತ್ತವೆ. ಗಡುಸು ಸ್ಪ್ರಿಂಗಿನ ಒತ್ತಡ ತಾಳಲು ಗಟ್ಟಿಯಾದ ಪುಶ್‌ರಾಡ್, ರಾಕರ್, ಲಿಫ್ಟರ್‌ಗಳು ಬೇಕಾಗುತ್ತವೆ. ಸುತ್ತು ಹೆಚ್ಚಿಸುವ ಒಂದು ತೀರ್ಮಾನ ಎಂಜಿನ್ನಿನ ಬಹುತೇಕ ಎಲ್ಲ ಭಾಗಗಳ ಬೆಲೆಯನ್ನೂ ಮೇಲೆತ್ತುತ್ತದೆ.

ಒಂದು ಉದಾಹರಣೆ: 350ರಿಂದ 383

ಹವ್ಯಾಸಿಗಳಲ್ಲಿ ಅತ್ಯಂತ ಜನಪ್ರಿಯವಾದ ಮಾರ್ಪಾಡೆಂದರೆ 350 ಎಂಜಿನ್ನನ್ನು 383 ಘನ ಇಂಚಿಗೆ ಹಿಗ್ಗಿಸುವುದು. ಸಿಲಿಂಡರನ್ನು 0.030 ಇಂಚಿನಷ್ಟು ಹೆಚ್ಚು ಬೋರ್ ಮಾಡಿ 4.030 ಇಂಚಿಗೆ ತರಲಾಗುತ್ತದೆ. ಸ್ಟ್ರೋಕ್ ಅನ್ನು 3.75 ಇಂಚಿಗೆ ಏರಿಸಲಾಗುತ್ತದೆ. ಗಾತ್ರ 5.7 ಲೀಟರಿನಿಂದ 6.3 ಲೀಟರಿಗೆ ಬೆಳೆಯುತ್ತದೆ. ಆರಂಭದಲ್ಲಿ ಇದಕ್ಕೆ 400 ಘನ ಇಂಚಿನ ಸ್ಮಾಲ್ ಬ್ಲಾಕ್‌ನ ಕ್ರ್ಯಾಂಕ್‌ಶಾಫ್ಟನ್ನೇ ತಂದು, ಅದರ ಮುಖ್ಯ ಜರ್ನಲ್‌ಗಳನ್ನು 2.65 ಇಂಚಿನಿಂದ 2.45 ಇಂಚಿಗೆ ಉಜ್ಜಿ ಕೂಡಿಸುತ್ತಿದ್ದರು. ಈಗ ಈ ಅಳತೆಯ ಕ್ರ್ಯಾಂಕ್, ರಾಡ್, ಪಿಸ್ಟನ್‌ಗಳು ಸಿದ್ಧ ಕಿಟ್ ರೂಪದಲ್ಲೇ ದೊರೆಯುತ್ತವೆ.

ಒಳ್ಳೆಯ ಅಲ್ಯೂಮಿನಿಯಂ ಹೆಡ್ ಹಾಗೂ ಹೊಂದುವ ಕ್ಯಾಮ್‌ಶಾಫ್ಟ್ ಅಳವಡಿಸಿದ 383 ಎಂಜಿನ್ ಬಂಕ್ ಪೆಟ್ರೋಲಿನಲ್ಲೇ 6,000 ಸುತ್ತಿನ ಒಳಗೆ 400ರಿಂದ 450 ಅಶ್ವಶಕ್ತಿ ನೀಡಬಲ್ಲದು. 2020ರ ದಶಕದ ಅಮೆರಿಕದ ಮಾರುಕಟ್ಟೆಯಲ್ಲಿ ಇದರ ಅಂದಾಜು ಖರ್ಚು ಡಾಲರ್‌ಗಳಲ್ಲಿ ಹೀಗಿರುತ್ತದೆ:

* ಬಳಸಿದ ಹಳೆಯ ಬ್ಲಾಕ್: 200–500
* ಬ್ಲಾಕ್‌ನ ಮೆಷಿನಿಂಗ್ ಮತ್ತು ಸಮತೂಕ ಕೆಲಸ: 1,000–2,000
* ಕ್ರ್ಯಾಂಕ್, ರಾಡ್, ಪಿಸ್ಟನ್, ಬೇರಿಂಗ್ ಕಿಟ್: 1,000–3,000
* ಸಿಲಿಂಡರ್ ಹೆಡ್ ಜೋಡಿ: 1,200–2,500
* ಕ್ಯಾಮ್‌ಶಾಫ್ಟ್, ಲಿಫ್ಟರ್, ಪುಶ್‌ರಾಡ್, ರಾಕರ್, ಟೈಮಿಂಗ್ ಚೈನ್: 900–1,600
* ಇನ್‌ಟೇಕ್ ಮ್ಯಾನಿಫೋಲ್ಡ್ ಮತ್ತು ಕಾರ್ಬ್ಯುರೇಟರ್: 700–1,300
* ಆಯಿಲ್ ಪಂಪು, ಸಂಪು, ಗ್ಯಾಸ್ಕೆಟ್, ಬೋಲ್ಟು, ಡ್ಯಾಂಪರ್: 600–1,000
* ಇಗ್ನಿಷನ್: 250–500
* ಜೋಡಣೆಯ ಕೂಲಿ: 1,000–2,000
* ಡೈನಮೊಮೀಟರ್ ಪರೀಕ್ಷೆ: 500–1,000

ಒಟ್ಟು ಮೊತ್ತ ಸುಮಾರು 7,300 ಡಾಲರ್‌ನಿಂದ 15,400 ಡಾಲರ್. ಡಾಲರಿಗೆ 85 ರೂಪಾಯಿಯಂತೆ ಎಣಿಸಿದರೆ ಸುಮಾರು ಆರು ಲಕ್ಷದಿಂದ ಹದಿಮೂರು ಲಕ್ಷ ರೂಪಾಯಿ. ಊರು, ಕೆಲಸಗಾರ ಮತ್ತು ಬಿಡಿಭಾಗದ ದರ್ಜೆಯನ್ನು ಅನುಸರಿಸಿ ಈ ಅಂಕಿಗಳು ಹೆಚ್ಚುಕಡಿಮೆಯಾಗುತ್ತವೆ.

ಈ ಪಟ್ಟಿಯಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಮೆಷಿನಿಂಗ್, ಜೋಡಣೆ ಮತ್ತು ಪರೀಕ್ಷೆ ಈ ಮೂರನ್ನು ಕೂಡಿಸಿದರೆ ಒಟ್ಟು ಖರ್ಚಿನ ಮೂರನೆಯ ಒಂದು ಪಾಲಾಗುತ್ತದೆ. ಈ ಹಣಕ್ಕೆ ಕೈಯಲ್ಲಿ ಹಿಡಿದು ತೋರಿಸಬಹುದಾದ ಯಾವ ವಸ್ತುವೂ ಬರುವುದಿಲ್ಲ. ಬಜೆಟ್ ಮೀರಿದಾಗ ಮೊದಲು ಕತ್ತರಿ ಬೀಳುವುದು ಈ ಪಾಲಿಗೇ. ಎಂಜಿನ್ ಕೆಡುವುದಕ್ಕೆ ಹೆಚ್ಚಾಗಿ ಕಾರಣವಾಗುವುದೂ ಈ ಕತ್ತರಿಯೇ.

ಕಣ್ಣಿಗೆ ಕಾಣದ ಕೆಲಸ

ಹಳೆಯ ಬ್ಲಾಕನ್ನು ಮೊದಲು ರಾಸಾಯನಿಕದಲ್ಲಿ ತೊಳೆದು, ಅಯಸ್ಕಾಂತ ಮತ್ತು ಕಬ್ಬಿಣದ ಪುಡಿಯ ಸಹಾಯದಿಂದ ಬಿರುಕು ಪತ್ತೆಹಚ್ಚಲಾಗುತ್ತದೆ. ಬಿರುಕು ಬಿಟ್ಟ ಬ್ಲಾಕಿನ ಮೇಲೆ ಮಾಡಿದ ಖರ್ಚೆಲ್ಲ ವ್ಯರ್ಥವಾಗುವುದರಿಂದ ಬಿಡಿಭಾಗ ಕೊಳ್ಳುವ ಮೊದಲೇ ಈ ಪರೀಕ್ಷೆ ಆಗಬೇಕು. ಅನಂತರ ಸಿಲಿಂಡರ್‌ಗಳನ್ನು ಬೋರ್ ಮಾಡಿ ಹೋನಿಂಗ್ ಮಾಡಲಾಗುತ್ತದೆ. ಹೆಡ್ಡಿನ ಬೋಲ್ಟುಗಳನ್ನು ಬಿಗಿದಾಗ ಸಿಲಿಂಡರಿನ ಗೋಡೆ ಅತ್ಯಲ್ಪ ಪ್ರಮಾಣದಲ್ಲಿ ಸೊಟ್ಟಗಾಗುತ್ತದೆ. ಆದುದರಿಂದ ಒಳ್ಳೆಯ ಕಾರ್ಯಾಗಾರಗಳಲ್ಲಿ ಹೆಡ್ಡಿನ ಬದಲಿಗೆ ದಪ್ಪನೆಯ ಟಾರ್ಕ್ ಪ್ಲೇಟ್ ಬಿಗಿದು, ಸಿಲಿಂಡರ್ ಆ ಸ್ಥಿತಿಯಲ್ಲಿರುವಾಗಲೇ ಹೋನಿಂಗ್ ಮಾಡುತ್ತಾರೆ. ಹೆಡ್ ಬಿಗಿದ ಮೇಲೆಯೂ ಸಿಲಿಂಡರ್ ದುಂಡಗೆ ಉಳಿಯಲಿ ಎಂಬುದು ಇದರ ಉದ್ದೇಶ.

ಕ್ರ್ಯಾಂಕ್‌ಶಾಫ್ಟ್ ಕೂರುವ ಐದು ಮುಖ್ಯ ಬೇರಿಂಗ್‌ಗಳ ರಂಧ್ರಗಳೂ ಒಂದೇ ರೇಖೆಯಲ್ಲಿರಬೇಕು. ಹೆಡ್ ಕೂರುವ ಮೇಲ್ಮೈ ಸಮತಟ್ಟಾಗಿರಬೇಕು. 383ರ ಉದ್ದ ಸ್ಟ್ರೋಕಿನಿಂದಾಗಿ ರಾಡಿನ ಬೋಲ್ಟುಗಳು ಬ್ಲಾಕಿನ ಅಂಚಿಗೂ ಕ್ಯಾಮ್‌ಶಾಫ್ಟಿಗೂ ತಗುಲುವ ಸಂಭವವಿದೆ. ಅಲ್ಲಲ್ಲಿ ಬ್ಲಾಕನ್ನು ಉಜ್ಜಿ ಜಾಗ ಮಾಡಬೇಕಾಗುತ್ತದೆ. ಪಿಸ್ಟನ್, ರಾಡ್, ಕ್ರ್ಯಾಂಕ್‌ಗಳನ್ನು ತೂಗಿ ಸಮತೂಕಕ್ಕೆ ತರಬೇಕು. ಇಲ್ಲವಾದರೆ ಹೆಚ್ಚಿನ ಸುತ್ತಿನಲ್ಲಿ ಉಂಟಾಗುವ ನಡುಕ ಬೇರಿಂಗುಗಳನ್ನು ತಿನ್ನುತ್ತದೆ.

ಬೇರಿಂಗಿಗೂ ಜರ್ನಲ್‌ಗೂ ನಡುವೆ ಇರಬೇಕಾದ ಅಂತರಕ್ಕೆ ಪ್ರಚಲಿತ ಸೂತ್ರವಿದೆ: ಜರ್ನಲ್‌ನ ಪ್ರತಿ ಇಂಚು ವ್ಯಾಸಕ್ಕೆ ಇಂಚಿನ ಸಾವಿರದ ಒಂದು ಭಾಗ. 2.45 ಇಂಚಿನ ಜರ್ನಲ್‌ಗೆ ಸುಮಾರು 0.0025 ಇಂಚು, ಎಂದರೆ 0.06 ಮಿಲಿಮೀಟರ್. ಹೆಚ್ಚುಕಡಿಮೆ ತಲೆಗೂದಲಿನ ದಪ್ಪ. ಅಂತರ ಇದಕ್ಕಿಂತ ಬಿಗಿಯಾದರೆ ಎಣ್ಣೆಯ ಪದರ ನಿಲ್ಲದೆ ಎಂಜಿನ್ ಸೀಜ್ ಆಗುತ್ತದೆ. ಸಡಿಲವಾದರೆ ಎಣ್ಣೆಯ ಒತ್ತಡ ಕುಸಿಯುತ್ತದೆ. ಪಿಸ್ಟನ್ ರಿಂಗಿನ ತುದಿಗಳ ನಡುವಿನ ಅಂತರಕ್ಕೂ ಇಂತಹ ಲೆಕ್ಕವಿದೆ. ನಾಲ್ಕಿಂಚಿನ ಸಿಲಿಂಡರಿಗೆ ಸುಮಾರು 0.016 ಇಂಚು, ಟರ್ಬೊ ಅಳವಡಿಸಿದರೆ ಇನ್ನೂ ಹೆಚ್ಚು. ಬಿಸಿಗೆ ಹಿಗ್ಗಿದ ರಿಂಗಿನ ತುದಿಗಳು ಒಂದಕ್ಕೊಂದು ತಾಗಿದರೆ ಪಿಸ್ಟನ್ನಿನ ಮೇಲ್ಭಾಗವೇ ಕಿತ್ತುಬರಬಹುದು. ಈ ಅಳತೆಗಳನ್ನು ಎಂಟೂ ಸಿಲಿಂಡರುಗಳಲ್ಲಿ ಒಂದೊಂದಾಗಿ ನೋಡಿ ಬರೆದಿಟ್ಟುಕೊಳ್ಳಲು ತಗಲುವ ಗಂಟೆಗಳಿಗೇ ಜೋಡಣೆಯ ಕೂಲಿಯ ಬಹುಪಾಲು ಸಲ್ಲುತ್ತದೆ.

ಗಾಳಿಯ ಲೆಕ್ಕ

ಕೆಳಭಾಗ ಎಂಜಿನ್ನನ್ನು ಉಳಿಸುತ್ತದೆ. ಶಕ್ತಿಯನ್ನು ತರುವುದು ಸಿಲಿಂಡರ್ ಹೆಡ್. ಹೆಡ್ಡಿನ ದ್ವಾರದ ಮೂಲಕ ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಹರಿಯಬಲ್ಲದೆಂಬುದನ್ನು ಫ್ಲೋ ಬೆಂಚ್ ಎಂಬ ಯಂತ್ರದಲ್ಲಿ ಅಳೆಯುತ್ತಾರೆ. 28 ಇಂಚು ನೀರಿನ ಒತ್ತಡದಲ್ಲಿ ಅಳೆದ ಈ ಸಂಖ್ಯೆಯನ್ನು 0.257ರಿಂದಲೂ ಸಿಲಿಂಡರುಗಳ ಸಂಖ್ಯೆಯಿಂದಲೂ ಗುಣಿಸಿದರೆ ಆ ಹೆಡ್ ಪೋಷಿಸಬಲ್ಲ ಅಶ್ವಶಕ್ತಿಯ ಅಂದಾಜು ದೊರೆಯುತ್ತದೆ ಎಂಬುದು ಬಹುಕಾಲದಿಂದ ಬಳಕೆಯಲ್ಲಿರುವ ಸೂತ್ರ. 200 ಘನ ಅಡಿಯ ಹೆಡ್ ಎಂಟು ಸಿಲಿಂಡರಿನ ಎಂಜಿನ್ನಿಗೆ ಸುಮಾರು 410 ಅಶ್ವಶಕ್ತಿಯ ಮಿತಿ ಹಾಕುತ್ತದೆ. ಮಿಕ್ಕ ಭಾಗಗಳಿಗೆ ಎಷ್ಟೇ ಹಣ ಸುರಿದರೂ ಈ ಮಿತಿ ದಾಟುವುದು ಕಷ್ಟ.

ಆದರೆ ದೊಡ್ಡ ದ್ವಾರವೆಲ್ಲವೂ ಒಳ್ಳೆಯದಲ್ಲ. ಅಗತ್ಯಕ್ಕಿಂತ ಹಿರಿದಾದ ದ್ವಾರದಲ್ಲಿ ಕಡಿಮೆ ಸುತ್ತಿನಲ್ಲಿ ಗಾಳಿಯ ವೇಗ ತಗ್ಗಿ, ನಗರದ ಓಡಾಟದಲ್ಲಿ ಎಂಜಿನ್ ಮಂಕಾಗುತ್ತದೆ. ಹೆಡ್, ಕ್ಯಾಮ್‌ಶಾಫ್ಟ್, ಇನ್‌ಟೇಕ್, ಎಕ್ಸಾಸ್ಟ್ ಇವೆಲ್ಲವೂ ಒಂದೇ ಸುತ್ತಿನ ವ್ಯಾಪ್ತಿಗೆ ಆರಿಸಿದವಾಗಿರಬೇಕು. ಒಂದೊಂದನ್ನು ಒಂದೊಂದು ಕಡೆಯಿಂದ ಅಗ್ಗಕ್ಕೆ ಕೊಂಡು ಕೂಡಿಸಿದ ಎಂಜಿನ್ ಬಿಡಿಭಾಗಗಳ ಬೆಲೆಗೆ ತಕ್ಕ ಶಕ್ತಿಯನ್ನು ಎಂದೂ ನೀಡುವುದಿಲ್ಲ.

ಸಂಪೀಡನ ಪ್ರಮಾಣ, ಎಂದರೆ ಕಂಪ್ರೆಷನ್ ರೇಷಿಯೊ ಕೂಡ ಇಂಧನಕ್ಕೆ ಹೊಂದಬೇಕು. ಅಮೆರಿಕದ ಬಂಕುಗಳಲ್ಲಿ ಪ್ರೀಮಿಯಂ ಪೆಟ್ರೋಲಿನ ಮೇಲೆ 91 ಅಥವಾ 93 ಎಂದು ಬರೆದಿರುವುದು ಎರಡು ಬಗೆಯ ಆಕ್ಟೇನ್ ಅಳತೆಗಳ ಸರಾಸರಿ. ಭಾರತದ ಬಂಕುಗಳಲ್ಲಿ ಬಳಸುವ ರಿಸರ್ಚ್ ಆಕ್ಟೇನ್ ಅಳತೆಯಲ್ಲಿ ಇದು ಸುಮಾರು 95ರಿಂದ 98 ಆಗುತ್ತದೆ. ಅಮೆರಿಕದ ಎಂಜಿನ್ನಿನ ಅಂಕಿ ನೋಡಿ ಇಲ್ಲಿಯ ಸಾಧಾರಣ ಪೆಟ್ರೋಲಿಗೆ ಎಂಜಿನ್ ಹೊಂದಿಸಿದರೆ ನಾಕಿಂಗ್ ಉಂಟಾಗಿ ಪಿಸ್ಟನ್ ಒಡೆಯುವ ಅಪಾಯವಿದೆ.

ಮೊದಲ ಅರ್ಧ ಗಂಟೆ

ಹೊಸ ಎಂಜಿನ್ನಿನ ಆಯುಷ್ಯ ಬಹುಮಟ್ಟಿಗೆ ಮೊದಲ ಅರ್ಧ ಗಂಟೆಯಲ್ಲೇ ನಿರ್ಧಾರವಾಗುತ್ತದೆ. ಹಳೆಯ ಮಾದರಿಯ ಚಪ್ಪಟೆ ಲಿಫ್ಟರ್ ಇರುವ ಎಂಜಿನ್ನನ್ನು ಮೊದಲ ಬಾರಿ ಚಾಲೂ ಮಾಡಿದಾಗ ಇಪ್ಪತ್ತರಿಂದ ಮೂವತ್ತು ನಿಮಿಷ 2,000 ಸುತ್ತಿಗಿಂತ ಕೆಳಗಿಳಿಸದೆ ಓಡಿಸಬೇಕು. ಸತುವಿನ ಅಂಶ ಸಾಕಷ್ಟಿರುವ ಎಣ್ಣೆಯನ್ನೇ ಬಳಸಬೇಕು. ತಪ್ಪಿದರೆ ಕ್ಯಾಮ್‌ಶಾಫ್ಟಿನ ಉಬ್ಬುಗಳು ಸವೆದು, ಲೋಹದ ಚೂರುಗಳು ಎಣ್ಣೆಯೊಂದಿಗೆ ಎಲ್ಲ ಬೇರಿಂಗುಗಳನ್ನೂ ತಲುಪುತ್ತವೆ. ಕೆಲವು ನೂರು ಡಾಲರ್‌ನ ಕ್ಯಾಮ್‌ಶಾಫ್ಟ್ ಹತ್ತು ಸಾವಿರ ಡಾಲರ್‌ನ ಎಂಜಿನ್ನನ್ನು ಹಾಳುಮಾಡುವುದು ಹೀಗೆ. 1987ರಿಂದ ಷೆವ್ರೊಲೆ ಕಾರ್ಖಾನೆಯಲ್ಲೇ ಬಳಕೆಗೆ ಬಂದ ರೋಲರ್ ಲಿಫ್ಟರಿಗೆ ಈ ಭಯವಿಲ್ಲ. ಆರಂಭದಲ್ಲಿ ಹೆಚ್ಚು ಬೆಲೆ ತೆತ್ತರೂ ರೋಲರ್ ವ್ಯವಸ್ಥೆಯನ್ನೇ ಬಹುತೇಕ ತಜ್ಞರು ಶಿಫಾರಸು ಮಾಡುವುದಕ್ಕೆ ಇದೊಂದು ಕಾರಣ.

ಡೈನಮೊಮೀಟರ್ ಪರೀಕ್ಷೆಯೂ ಕೇವಲ ಅಶ್ವಶಕ್ತಿಯ ಚೀಟಿ ಪಡೆಯಲು ಇರುವುದಲ್ಲ. ಎಂಜಿನ್ ಕಾರಿನೊಳಗೆ ಕೂರುವ ಮೊದಲೇ ಎಣ್ಣೆಯ ಒತ್ತಡ, ಸೋರಿಕೆ, ಇಂಧನ ಮಿಶ್ರಣ, ಕಿಡಿಯ ಸಮಯ ಇವೆಲ್ಲವನ್ನೂ ಪರೀಕ್ಷಿಸಿ ಸರಿಪಡಿಸಲು ಅಲ್ಲಿ ಅವಕಾಶವಿರುತ್ತದೆ.

ಕೊನೆಯ ಅಶ್ವಶಕ್ತಿಯ ಬೆಲೆ

ಗಾತ್ರದಿಂದ ಪಡೆದ ಶಕ್ತಿಗೂ ವೇಗದಿಂದ ಪಡೆದ ಶಕ್ತಿಗೂ ಬೆಲೆಯಲ್ಲಿ ಎಷ್ಟು ವ್ಯತ್ಯಾಸವಿದೆ ಎಂಬುದಕ್ಕೆ ಇತಿಹಾಸದಲ್ಲೇ ಉತ್ತಮ ನಿದರ್ಶನವಿದೆ. ಬ್ರಿಟನ್ನಿನ ಕಾಸ್ವರ್ತ್ ಕಂಪನಿ ಫೋರ್ಡ್ ಕಂಪನಿಯ ಹಣದಿಂದ ರೂಪಿಸಿದ ಡಿಎಫ್‌ವಿ ಎಂಬ ಫಾರ್ಮುಲಾ ಒನ್ ಎಂಜಿನ್ 1967ರ ಜೂನ್ 4ರಂದು ಹಾಲೆಂಡಿನ ಜಾಂಡ್‌ವೂರ್ಟ್‌ನಲ್ಲಿ ಮೊದಲ ಸಲ ಸ್ಪರ್ಧೆಗಿಳಿಯಿತು. ಜಿಮ್ ಕ್ಲಾರ್ಕ್ ಅಂದೇ ಲೋಟಸ್ ಕಾರಿನಲ್ಲಿ ಜಯ ಗಳಿಸಿದರು. ಮೂರು ಲೀಟರಿನ ಆ ಎಂಜಿನ್ 9,000 ಸುತ್ತಿನಲ್ಲಿ ಸುಮಾರು 408 ಅಶ್ವಶಕ್ತಿ ನೀಡುತ್ತಿತ್ತು. ಇಂದಿನ ಹವ್ಯಾಸಿಯ 383 ಎಂಜಿನ್ನೂ ಹೆಚ್ಚುಕಡಿಮೆ ಅಷ್ಟೇ ಶಕ್ತಿ ನೀಡುತ್ತದೆ. ಆದರೆ ಅದಕ್ಕೆ ಎರಡು ಪಟ್ಟಿಗೂ ಹೆಚ್ಚಿನ ಗಾತ್ರವಿದೆ, ಮೂರನೆಯ ಎರಡು ಪಾಲಿನಷ್ಟು ವೇಗ ಸಾಕಾಗುತ್ತದೆ.

ಡಿಎಫ್‌ವಿ ಯೋಜನೆಗೆ, ಅದರೊಂದಿಗೆ ರೂಪುಗೊಂಡ ನಾಲ್ಕು ಸಿಲಿಂಡರಿನ ಎಂಜಿನ್ನೂ ಸೇರಿ, ಫೋರ್ಡ್ ನೀಡಿದ ಹಣ ಒಂದು ಲಕ್ಷ ಪೌಂಡ್. 1968ರಿಂದ ಇತರ ತಂಡಗಳಿಗೆ ಒಂದೊಂದು ಎಂಜಿನ್ 7,500 ಪೌಂಡಿಗೆ ಮಾರಾಟವಾಯಿತು. ಅಂದಿನ ವಿನಿಮಯ ದರದಲ್ಲಿ ಅದು 18,000 ಡಾಲರ್. ಅದೇ ವರ್ಷ ಎಂಟು ಸಿಲಿಂಡರಿನ ಕಮಾರೊ ಕಾರಿನ ಮೂಲ ಬೆಲೆ 3,000 ಡಾಲರ್‌ಗೂ ಕಡಿಮೆಯಿತ್ತು. ಒಂದು ಎಂಜಿನ್ನಿನ ಹಣದಲ್ಲಿ ಆರು ಕಾರು ಕೊಳ್ಳಬಹುದಾಗಿತ್ತು. ಹಾಗಿದ್ದೂ ಡಿಎಫ್‌ವಿಯನ್ನು ಅಗ್ಗದ ಎಂಜಿನ್ನೆಂದೇ ಸಣ್ಣ ತಂಡಗಳು ಸ್ವಾಗತಿಸಿದವು; ಸ್ವಂತ ಎಂಜಿನ್ ರೂಪಿಸುವ ವೆಚ್ಚಕ್ಕೆ ಹೋಲಿಸಿದರೆ ಅದು ಅಗ್ಗವೇ ಆಗಿತ್ತು. ರೂಪಾಂತರಗಳೂ ಸೇರಿ ಅದು ಫಾರ್ಮುಲಾ ಒನ್‌ನಲ್ಲಿ 155 ಜಯ ಗಳಿಸಿತು. ಮುಂದೆ ಈ ಕ್ಷೇತ್ರದ ವೆಚ್ಚ ಎಷ್ಟು ಏರಿತೆಂದರೆ, ಎಂಜಿನ್ ತಯಾರಕರ ವಾರ್ಷಿಕ ಖರ್ಚಿಗೆ ಅಂತಾರಾಷ್ಟ್ರೀಯ ಒಕ್ಕೂಟವೇ 2023ರಿಂದ 2025ರವರೆಗೆ 9.5 ಕೋಟಿ ಡಾಲರ್‌ನ ಮಿತಿ ಹೇರಬೇಕಾಯಿತು. 2026ರಿಂದ ಈ ಮಿತಿಯನ್ನು 13 ಕೋಟಿಗೆ ನಿಗದಿಪಡಿಸಲಾಯಿತು.

ಹವ್ಯಾಸಿಯ ಮಟ್ಟದಲ್ಲಿಯೂ ಇದೇ ನಿಯಮ ನಡೆಯುತ್ತದೆ. 300ರಿಂದ 400 ಅಶ್ವಶಕ್ತಿಗೆ ಏರಲು ಒಳ್ಳೆಯ ಹೆಡ್ ಮತ್ತು ಕ್ಯಾಮ್‌ಶಾಫ್ಟ್ ಸಾಕಾಗಬಹುದು. ಟರ್ಬೊ ಇಲ್ಲದೆ, ಗಾತ್ರ ಬದಲಿಸದೆ 500ರಿಂದ 600ಕ್ಕೆ ಏರಬೇಕಾದರೆ ಬಹುತೇಕ ಎಲ್ಲ ಭಾಗಗಳನ್ನೂ ಬದಲಿಸಬೇಕು. ಅಷ್ಟಾದ ಮೇಲೆ ಆ ಎಂಜಿನ್ ಸಾಧಾರಣ ರಸ್ತೆಯ ಬಳಕೆಗೆ ಒಗ್ಗುವುದೂ ಇಲ್ಲ.

ಎಂಜಿನ್ನಿನ ಹೊರಗಿನ ಖರ್ಚು

ಎಂಜಿನ್ ಸಿದ್ಧವಾದೊಡನೆ ಖರ್ಚು ಮುಗಿಯುವುದಿಲ್ಲ. ಇಮ್ಮಡಿ ಶಕ್ತಿಯನ್ನು ಹಳೆಯ ಕ್ಲಚ್, ಗೇರ್ ಬಾಕ್ಸ್, ಹಿಂದಿನ ಆಕ್ಸಲ್‌ಗಳು ತಾಳಲಾರವು. ರೇಡಿಯೇಟರ್, ಇಂಧನ ಪಂಪು, ಸೈಲೆನ್ಸರ್ ಕೊಳವೆಗಳನ್ನೂ ಬದಲಿಸಬೇಕಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಬ್ರೇಕು ಮತ್ತು ಟೈರುಗಳು ಹೊಸ ವೇಗಕ್ಕೆ ತಕ್ಕಂತಿರಬೇಕು. ಇವಕ್ಕೆ ಹಣ ಮೀಸಲಿಡದೆ ಎಂಜಿನ್ನಿಗೆ ಮಾತ್ರ ಖರ್ಚು ಮಾಡುವುದು ಕಾರಿನೊಳಗಿರುವವರಿಗೂ ರಸ್ತೆಯಲ್ಲಿರುವವರಿಗೂ ಅಪಾಯಕಾರಿ. ಜೊತೆಗೆ ಸ್ಪರ್ಧೆಯ ಎಂಜಿನ್ನಿನಲ್ಲಿ ವಾಲ್ವ್ ಸ್ಪ್ರಿಂಗುಗಳನ್ನು ಆಗಾಗ ಬದಲಿಸುತ್ತಿರಬೇಕು, ನಿಗದಿತ ಅವಧಿಗೊಮ್ಮೆ ಇಡೀ ಎಂಜಿನ್ನನ್ನೇ ಬಿಚ್ಚಿ ನೋಡಬೇಕು.

ಕಡಿಮೆ ವೆಚ್ಚದ ದಾರಿಗಳು

ಕಾರ್ಖಾನೆಯೇ ಜೋಡಿಸಿ ಪೆಟ್ಟಿಗೆಯಲ್ಲಿ ಕಳುಹಿಸುವ 'ಕ್ರೇಟ್' ಎಂಜಿನ್ ಮೊದಲನೆಯ ದಾರಿ. ಇದರಲ್ಲಿ ಇಚ್ಛೆಯಂತೆ ಬದಲಾವಣೆಗೆ ಅವಕಾಶ ಕಡಿಮೆ. ಆದರೆ ಬೆಲೆ ಮೊದಲೇ ನಿಶ್ಚಿತ, ವಾರಂಟಿಯೂ ಇರುತ್ತದೆ. ಎರಡನೆಯ ದಾರಿ, 1997ರಲ್ಲಿ ಕಾರ್ವೆಟ್ ಕಾರಿನೊಂದಿಗೆ ಬಂದ ಎಲ್‌ಎಸ್ ಸರಣಿಯ ಎಂಜಿನ್ನುಗಳು. ಇವುಗಳ ಹೆಡ್ಡುಗಳು ಕಾರ್ಖಾನೆಯಿಂದಲೇ ಉತ್ತಮವಾಗಿ ಗಾಳಿ ಹರಿಸುತ್ತವೆ. ಈ ಸರಣಿಯ ಎಂಜಿನ್ನುಗಳು ಲಕ್ಷಾಂತರ ಪಿಕಪ್ ಟ್ರಕ್ಕುಗಳಲ್ಲಿಯೂ ಬಳಕೆಯಾಗಿರುವುದರಿಂದ ಗುಜರಿಯಲ್ಲಿ ಸುಲಭವಾಗಿ ದೊರೆಯುತ್ತವೆ. ಹಳೆಯ 350 ಎಂಜಿನ್ನಿಗೆ ಹಣ ಸುರಿದು ಪಡೆಯುವ ಶಕ್ತಿಯನ್ನು ಇವುಗಳಲ್ಲಿ ಕ್ಯಾಮ್‌ಶಾಫ್ಟ್ ಮತ್ತು ಸ್ಪ್ರಿಂಗುಗಳನ್ನಷ್ಟೇ ಬದಲಿಸಿ ಪಡೆಯಲು ಬಹುಮಟ್ಟಿಗೆ ಸಾಧ್ಯವಾಗಿರುವುದರಿಂದ ಅಮೆರಿಕದ ಅನೇಕ ಹವ್ಯಾಸಿಗಳು ಈ ಕಡೆಗೆ ವಾಲಿದ್ದಾರೆ.

ಭಾರತದಲ್ಲಿ ಕಾನೂನು ಮತ್ತು ವಾಸ್ತವ

ಬೆಂಗಳೂರಿನ ಕೆ-1000 ಮತ್ತು ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವಿನ ರ್‍ಯಾಲಿಗಳಿಂದಾಗಿ ಸ್ಪರ್ಧೆಯ ಕಾರು ಸಿದ್ಧಪಡಿಸುವ ಕಲೆ ಕರ್ನಾಟಕಕ್ಕೆ ಹೊಸದಲ್ಲ. ಆದರೆ ಸ್ಪರ್ಧೆಯ ಕಾರಿಗೂ ರಸ್ತೆಯ ಕಾರಿಗೂ ಕಾನೂನಿನ ದೃಷ್ಟಿಯಲ್ಲಿ ಅಂತರವಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಿರ್ದಿಷ್ಟಪಡಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಂತೆ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕರಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ. ಅಪಘಾತವಾದಾಗ ವಿಮೆಯ ಹಣಕ್ಕೂ ತೊಡಕಾಗಬಹುದು. ಅಮೆರಿಕದಲ್ಲಿಯೂ ಹೊಗೆ ನಿಯಂತ್ರಣ ಸಾಧನಗಳನ್ನು ಕಿತ್ತುಹಾಕುವುದು ಶುದ್ಧ ವಾಯು ಕಾಯ್ದೆಯಡಿ ಅಪರಾಧವಾಗಿದ್ದು, ಕ್ಯಾಲಿಫೋರ್ನಿಯಾ ರಾಜ್ಯದ ನಿಯಮಗಳು ಇನ್ನೂ ಕಠಿಣವಾಗಿವೆ.

ವೆಚ್ಚದ ದೃಷ್ಟಿಯಿಂದಲೂ ಭಾರತದ ಸ್ಥಿತಿ ಬೇರೆ. ಇಲ್ಲಿಯ ಸಣ್ಣ ನಾಲ್ಕು ಸಿಲಿಂಡರಿನ ಎಂಜಿನ್ನುಗಳಿಗೆ ಫೋರ್ಜ್ಡ್ ಪಿಸ್ಟನ್, ರಾಡುಗಳನ್ನು ಅನೇಕ ವೇಳೆ ಹೇಳಿ ಮಾಡಿಸಬೇಕು ಇಲ್ಲವೆ ಸುಂಕ ತೆತ್ತು ತರಿಸಬೇಕು. ಗಾತ್ರ ಹಿಗ್ಗಿಸಲು ಇವುಗಳಲ್ಲಿ ಜಾಗ ಕಡಿಮೆ. ಆದುದರಿಂದ ಶಕ್ತಿಗಾಗಿ ವೇಗದ ಅಥವಾ ಟರ್ಬೊದ ದುಬಾರಿ ಮಾರ್ಗವನ್ನೇ ಹಿಡಿಯಬೇಕಾಗುತ್ತದೆ. 2025ರ ಹೊತ್ತಿಗೆ ಶೇ 20 ಎಥೆನಾಲ್ ಬೆರೆತ ಪೆಟ್ರೋಲ್ ದೇಶದಾದ್ಯಂತ ಬಳಕೆಗೆ ಬಂದಿದೆ. ಎಥೆನಾಲ್ ಉರಿಯಲು ಶುದ್ಧ ಪೆಟ್ರೋಲಿಗಿಂತ ಕಡಿಮೆ ಗಾಳಿ ಸಾಕು, ಎಂದರೆ ಅಷ್ಟೇ ಗಾಳಿಗೆ ಹೆಚ್ಚು ಇಂಧನ ಬೇಕು. ಎಂಜಿನ್ ಹೊಂದಿಸುವಾಗ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಮಿಶ್ರಣ ತೆಳುವಾಗಿ ಎಂಜಿನ್ ಅತಿಯಾಗಿ ಬಿಸಿಯಾಗುತ್ತದೆ.

ಹಣ ಕೊಡುವ ಮುನ್ನ

ಎಂಜಿನ್ ಕಟ್ಟಿಸಲು ಹೊರಟವರು ಕಾರ್ಯಾಗಾರದಲ್ಲಿ ಮುಂಗಡ ಕೊಡುವ ಮೊದಲು ಕೆಳಗಿನ ವಿಷಯಗಳನ್ನು ಕೇಳಿ ಬರವಣಿಗೆಯಲ್ಲಿ ಪಡೆಯುವುದು ಲೇಸು.

1. ಎಂಜಿನ್ನಿನ ಗರಿಷ್ಠ ಸುತ್ತು ಎಷ್ಟು? ಕ್ರ್ಯಾಂಕ್, ರಾಡ್, ವಾಲ್ವ್ ಸ್ಪ್ರಿಂಗ್ ಮೂರೂ ಆ ಸುತ್ತಿಗೆ ತಕ್ಕವೇ?
2. ಬ್ಲಾಕಿನ ಬಿರುಕು ಪರೀಕ್ಷೆ ಆಗಿದೆಯೇ? ಟಾರ್ಕ್ ಪ್ಲೇಟ್ ಬಿಗಿದು ಹೋನಿಂಗ್ ಮಾಡುತ್ತಾರೆಯೇ?
3. ಬೇರಿಂಗ್, ರಿಂಗ್ ಅಂತರಗಳ ಅಳತೆಪಟ್ಟಿಯನ್ನು ಎಂಜಿನ್ನಿನೊಂದಿಗೆ ಕೊಡುತ್ತಾರೆಯೇ?
4. ಯಾವ ಆಕ್ಟೇನ್ ಪೆಟ್ರೋಲಿಗೆ ಎಂಜಿನ್ ಹೊಂದಿಸಲಾಗುತ್ತದೆ?
5. ಮೊದಲ ಚಾಲನೆ ಯಾರ ಜವಾಬ್ದಾರಿ? ಡೈನಮೊಮೀಟರ್ ಪರೀಕ್ಷೆ ಬೆಲೆಯಲ್ಲಿ ಸೇರಿದೆಯೇ?
6. ಎಂಜಿನ್ ಕೆಟ್ಟರೆ ಯಾವ ಭಾಗದ ಹೊಣೆ ಯಾರದು?

ಅಳತೆಪಟ್ಟಿ ಕೊಡಲು ಒಪ್ಪದ ಕಾರ್ಯಾಗಾರ ಎಷ್ಟೇ ಅಗ್ಗದ ಬೆಲೆ ಹೇಳಿದರೂ ಅಲ್ಲಿ ಎಂಜಿನ್ ಒಪ್ಪಿಸದಿರುವುದೇ ಕ್ಷೇಮ. ಇಟ್ಟಿರುವ ಹಣದಲ್ಲಿ ಮೂರನೆಯ ಒಂದು ಪಾಲನ್ನು ಮೆಷಿನಿಂಗ್, ಜೋಡಣೆ ಹಾಗೂ ಪರೀಕ್ಷೆಗೆ ಮೊದಲೇ ತೆಗೆದಿರಿಸಿ, ಉಳಿದುದರಲ್ಲಿ ಬಿಡಿಭಾಗ ಆರಿಸಿಕೊಳ್ಳಬೇಕು. ಆ ಮೊತ್ತಕ್ಕೆ ಬಯಸಿದ ಶಕ್ತಿ ದೊರೆಯದಿದ್ದರೆ ಕೈಬಿಡಬೇಕಾದುದು ಕೆಲವು ಅಶ್ವಶಕ್ತಿಗಳನ್ನೇ ಹೊರತು ಅಳತೆಯ ಕೆಲಸವನ್ನಲ್ಲ.